‘ಸಾಮಾನ್ಯವಾಗಿ’ ಮೇಡಂ

ಅವರ ಬಾಯಿಂದ ಹೊರಡುವ ಯಾವ ವಾಕ್ಯವೂ ‘ಸಾಮಾನ್ಯವಾಗಿ’ ಎಂಬ ಪದದ ಕೈ ಹಿಡಿಯದೆ ಹೊಸ್ತಿಲು ದಾಟುತ್ತಿರಲಿಲ್ಲ. ಹೃದಯ ಸಾಮಾನ್ಯವಾಗಿ ಎದೆಯ ಎಡಕ್ಕೆ ವಾಲಿರುತ್ತದೆ, ಕಪ್ಪೆ ಸಾಮಾನ್ಯವಾಗಿ ನೀರಿನಲ್ಲಿ ಮೊಟ್ಟೆ ಇಡುತ್ತದೆ, ಪ್ರಿನ್ಸಿಪಾಲರು ಸಾಮಾನ್ಯವಾಗಿ ಊಟವಾದ ಮೇಲೆ ಸಿಟ್ಟಾಗುವುದಿಲ್ಲ. ಜೀವಶಾಸ್ತ್ರಕ್ಕೂ ಸ್ಟಾಫ್‌ರೂಮಿಗೂ ಅವರಲ್ಲಿ ಒಂದೇ ನ್ಯಾಯ. ಭಾಷೆ ಕಲಿಸಲೆಂದು ನಾನು ಆ ಕಾಲೇಜಿಗೆ ಹೊಸದಾಗಿ ಸೇರಿದಾಗ, ಬೆಳಗಿನ ಒಂಬತ್ತರ ಬಸ್ಸಿನ ಬಗ್ಗೆ ವಿಚಾರಿಸಿದ್ದಕ್ಕೆ, ಕನ್ನಡಕದ ಮೇಲಿಂದ ನನ್ನನ್ನು ಒಂದು ಕ್ಷಣ ಅಳೆದು, “ಒಂಬತ್ತರ ಬಸ್ಸು ಸಾಮಾನ್ಯವಾಗಿ ಒಂಬತ್ತೂವರೆಗೆ ಬರುತ್ತೆ ಮೇಷ್ಟ್ರೇ” ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಬಸ್ಸು ಮಾತ್ರ ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿತು.

ವಿದ್ಯಾರ್ಥಿಗಳು ಇಟ್ಟ ಹೆಸರು ‘ಸಾಮಾನ್ಯವಾಗಿ ಮೇಡಂ’. ಅದು ಅವರಿಗೆ ಗೊತ್ತಿತ್ತು, ಬೇಸರವಿರಲಿಲ್ಲ. ಉತ್ತರಪತ್ರಿಕೆಯಲ್ಲಿ ‘ಎಲ್ಲ’, ‘ಪ್ರತಿಯೊಂದು’, ‘ಯಾವಾಗಲೂ’ ಎಂದು ಬರೆದವರ ಅರ್ಧ ಅಂಕ ಕತ್ತರಿಸುವುದು ಅವರ ವ್ರತ. ಒಮ್ಮೆ ಒಬ್ಬ ಹುಡುಗಿ ಪಠ್ಯಪುಸ್ತಕವನ್ನೇ ತಂದು ಮೇಜಿನ ಮೇಲಿಟ್ಟು, “ನೋಡಿ ಮೇಡಂ, ಇಲ್ಲೇ ‘ಎಲ್ಲ’ ಅಂತ ಅಚ್ಚಾಗಿದೆ” ಎಂದು ವಾದಕ್ಕೆ ನಿಂತಳು. “ಪುಸ್ತಕ ಬರೆದೋರು ಎಲ್ಲರನ್ನೂ ನೋಡ್ಕೊಂಡು ಬಂದಿಲ್ಲಮ್ಮ” ಎಂದು ಇವರು ಪುಸ್ತಕವನ್ನು ತಿರುಗಿಸಿಕೊಟ್ಟರು, ಅಂಕವನ್ನು ಕೊಡಲಿಲ್ಲ. ನಿವೃತ್ತ ಗ್ರಂಥಪಾಲಕರು ತೀರಿಕೊಂಡಾಗ ನಾವೆಲ್ಲ ಹೋಗಿದ್ದೆವು. ಯಾರೋ ಹಿರಿಯರು ನಿಟ್ಟುಸಿರಿಟ್ಟು, “ಹುಟ್ಟಿದೋರು ಎಲ್ಲರೂ ಒಂದಿನ ಹೋಗ್ಲೇಬೇಕು” ಎಂದರು. ನಾನು ಕಿವಿ ನಿಮಿರಿಸಿ ಇವರ ಕಡೆ ನೋಡಿದೆ. ಇವರು ಬಹಳ ಹೊತ್ತು ಯೋಚಿಸಿ, ನನ್ನ ಕಡೆ ಬಾಗಿ, “ಇದೊಂದಕ್ಕೆ ‘ಸಾಮಾನ್ಯವಾಗಿ’ ಬೇಡ” ಎಂದು ಪಿಸುಗುಟ್ಟಿದರು.

ಆ ಪದದ ಏಟು ನನಗೂ ಬಿದ್ದದ್ದುಂಟು. ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನೊಂದು ಲೇಖನ ಬರೆದು, ಅದರಲ್ಲಿ ‘ಪ್ರತಿಯೊಬ್ಬ ಹೆಣ್ಣಿನ ಒಡಲಲ್ಲೂ ಒಬ್ಬ ತಾಯಿ ಮಲಗಿರುತ್ತಾಳೆ’ ಎಂಬ ವಾಕ್ಯಕ್ಕೆ ಬಂದಾಗ ಸ್ವತಃ ಕಣ್ಣೀರು ಮಿಡಿದಿದ್ದೆ. ಕರಡು ತಿದ್ದಲು ಮೇಡಂ ಬಳಿಗೆ ಹೋದ ಹಾಳೆ ಹಿಂದಿರುಗಿದಾಗ ‘ಪ್ರತಿಯೊಬ್ಬ’ ಎಂಬುದರ ಮೇಲೆ ಪೆನ್ಸಿಲಿನ ಗೀಟು. ಪಕ್ಕದಲ್ಲಿ ಅದೇ ಪದ. ನಾನು ಉರಿದುಬಿದ್ದೆ. “ಲಯ ಕೆಡುತ್ತೆ ಮೇಡಂ!” ಎಂದೆ. “ಲಯ ಕೆಟ್ರೆ ಯಾರಿಗೂ ನೋವಾಗಲ್ಲ ಮೇಷ್ಟ್ರೇ” ಎಂದು ಅವರು ಪೆನ್ಸಿಲನ್ನು ಕೋಟಿನ ಜೇಬಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಒಂದು ವಾರ ನಾವಿಬ್ಬರೂ ಮಾತಾಡಲಿಲ್ಲ. ಅಂದರೆ ನಾನು ಆಡಲಿಲ್ಲ, ಅವರಿಗೆ ಅದು ಗೊತ್ತಾದಂತೆ ಕಾಣಲಿಲ್ಲ.

ಎತ್ತರದ ಆಳು. ಕಾರಿಡಾರಿನಲ್ಲಿ ಅವರು ನಡೆದರೆ ಜೊತೆಯವರು ಓಡಬೇಕು. ಆದರೆ ಯಾವ ಬಾಗಿಲು ಬಂದರೂ, ಅದು ಆನೆ ನುಗ್ಗುವಷ್ಟು ದೊಡ್ಡದಿದ್ದರೂ ಸರಿ, ತಲೆ ತಗ್ಗಿಸಿಯೇ ಒಳಗೆ ಹೋಗುವರು. ಹದಿನಾಲ್ಕರ ವಯಸ್ಸಿಗೇ ಅಣ್ಣಂದಿರನ್ನು ಮೀರಿಸಿ ಬೆಳೆದು, ಅಡುಗೆಮನೆಯ ಗಿಡ್ಡ ಬಾಗಿಲಿಗೆ ಹಣೆ ಕೊಟ್ಟೂ ಕೊಟ್ಟೂ ಕಲಿತ ಅಭ್ಯಾಸವಂತೆ. ಪ್ರಯೋಗಾಲಯದ ಬಿಳಿ ಕೋಟು ಬಿಳಿಯಾಗಿದ್ದುದನ್ನು ಕಂಡವರಿರಲಿಲ್ಲ. ತೋಳಿನ ಅಂಚುಗಳಿಗೆ ನೇರಳೆ, ಜೇಬಿನ ಬಾಯಿಗೆ ನೀಲಿ, ಎದೆಯ ಮೇಲೆ ಏನೆಂದು ಹೇಳಲಾಗದ ಕಂದು. ಹೊಸ ಕೋಟು ಹೊಲಿಸಿಕೊಳ್ಳಿ ಎಂದರೆ, “ಇದ್ರಲ್ಲಿ ಯಾವ ಕಲೆ ಯಾವ ವರ್ಷದ್ದು ಅಂತ ನಂಗೆ ಗೊತ್ತು, ಹೊಸದ್ರಲ್ಲಿ ಏನಿದೆ?” ಎನ್ನುವರು. ಊಟದ ಡಬ್ಬಿ ಮುಚ್ಚಿದ ಕೂಡಲೇ ಒಂದು ಪುಟ್ಟ ಮಾತ್ರೆ ನುಂಗುವುದು ಎಂದೂ ತಪ್ಪುತ್ತಿರಲಿಲ್ಲ. ಆ ಮಾತ್ರೆಯ ಬಗ್ಗೆ ಸ್ಟಾಫ್‌ರೂಮಿನಲ್ಲಿ ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಎಂದು ಮೂರು ಪಂಗಡಗಳಿದ್ದವು. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಗಣಿತದವರೊಬ್ಬರಿಗೆ ಮಾತ್ರ ಬಂದಿತ್ತು. “ಸಾಮಾನ್ಯವಾಗಿ ಆಗುತ್ತೆ” ಎಂದಷ್ಟೇ ಹೇಳಿ ಇವರು ಚಹಾ ಹೀರಿದರಂತೆ.

ಅವರ ರಾಜ್ಯವೆಂದರೆ ಮಹಡಿಯ ಮೇಲಿನ ಪ್ರಯೋಗಾಲಯ. ಅಲ್ಲಿ ವರ್ಷಕ್ಕೊಮ್ಮೆ ಕೆನ್ನೆಯ ಜೀವಕೋಶದ ಪ್ರಯೋಗ ನಡೆಯುತ್ತಿತ್ತು. ಬೇರೆಲ್ಲ ಕಡೆ ಅದನ್ನು ಮಾಡುವ ರೀತಿ ಸರಳ: ವಿದ್ಯಾರ್ಥಿಯು ತನ್ನ ಕೆನ್ನೆಯ ಒಳಗೋಡೆಯನ್ನು ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕೆರೆದು, ಬಂದದ್ದನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಬೇಕು. ಹೆಂಗಸರ ಜೀವಕೋಶದಲ್ಲಿ ಎಕ್ಸ್ ಎಂಬ ವರ್ಣತಂತು ಎರಡಿರುತ್ತವೆ. ಅವುಗಳಲ್ಲಿ ಒಂದು ಮುದುಡಿಕೊಂಡು ಕೋಶಕೇಂದ್ರದ ಅಂಚಿನಲ್ಲಿ ಕಡುಬಣ್ಣದ ಚುಕ್ಕೆಯಾಗಿ ಕೂರುತ್ತದೆ. ಗಂಡಸರಲ್ಲಿ ಎಕ್ಸ್ ಒಂದು, ವೈ ಒಂದು. ಮುದುಡಿಕೊಳ್ಳುವುದಕ್ಕೆ ಇನ್ನೊಂದು ಎಕ್ಸ್ ಇಲ್ಲ, ಆದ್ದರಿಂದ ಚುಕ್ಕೆಯೂ ಇಲ್ಲ. ಇದಿಷ್ಟೂ ಸಾಮಾನ್ಯವಾಗಿ, ಎಂದು ನಾನೂ ಈಗ ಸೇರಿಸಬೇಕು. ಮೇಡಂ ಮಾತ್ರ ಮಕ್ಕಳಿಗೆ ತಮ್ಮ ಕೆನ್ನೆ ಮುಟ್ಟಲು ಬಿಡುತ್ತಿರಲಿಲ್ಲ. ಒಂದು ಮರದ ಪೆಟ್ಟಿಗೆಯಿಂದ ಹಳೆಯ ಸ್ಲೈಡುಗಳನ್ನು ಹಂಚಿ, “ನೋಡಿದ್ದನ್ನ ಬರೀರಿ, ಊಹಿಸಿದ್ದನ್ನಲ್ಲ” ಎನ್ನುವರು. ಪೆಟ್ಟಿಗೆಯಲ್ಲಿ ಮೂಲೆ ಮುಕ್ಕಾದ ಸ್ಲೈಡ್ ಒಂದಿತ್ತು. ಅದು ಸಿಕ್ಕವರು ಚುಕ್ಕೆ ಕಾಣದೆ ‘ಇದು ಗಂಡಸಿನದು’ ಎಂದು ಬರೆಯುತ್ತಿದ್ದರು, ಮೇಡಂ ಅದನ್ನು ಹೊಡೆದುಹಾಕಿ ‘ಚುಕ್ಕೆ ಕಾಣಲಿಲ್ಲ — ಇಷ್ಟೇ ಸಾಕು’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಅರ್ಧ ಅಂಕ ಅಲ್ಲಿಯೂ ಹೋಗುತ್ತಿತ್ತು.

ಹೀಗಿರುವಾಗ ಅವರ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಇವರಿಗಿಂತ ಹದಿನೈದು ವರ್ಷ ಚಿಕ್ಕವರು, ಮಾತಿಗೊಮ್ಮೆ ಅಂಗೈ ಉಜ್ಜಿಕೊಳ್ಳುವವರು, ಕೆಟ್ಟವರೇನಲ್ಲ. ಕೆಲಸದ ಹುರುಪು ಅವರ ಮೈಯಲ್ಲಿ ಕುದಿಯುತ್ತಿತ್ತು. ಮರದ ಪೆಟ್ಟಿಗೆಯನ್ನು ನೋಡಿದ ದಿನವೇ, “ಇದೇನು ಮೇಡಂ, ಅಜ್ಜಿ ಕಾಲದ ಸ್ಲೈಡು! ಮಕ್ಕಳು ತಮ್ಮ ಕೋಶ ತಾವೇ ನೋಡ್ಲಿ. ಹುಡುಗೀರು ಒಂದು ಸಾಲು, ಹುಡುಗರು ಒಂದು ಸಾಲು. ಯಾರ ಸ್ಲೈಡ್ ಸರಿ ಬಂತು ಅಂತ ಬೋರ್ಡ್ ಮೇಲೆ ಬರೆಯೋಣ” ಎಂದರು.

“ಹುಡುಗಿ ಸ್ಲೈಡಲ್ಲಿ ಚುಕ್ಕೆ ಇಲ್ದಿದ್ರೆ?” ಎಂದರು ಮೇಡಂ.

“ಇಲ್ದಿದ್ರೆ ಬಣ್ಣ ಸರಿಯಾಗಿ ಹಾಕಿಲ್ಲ ಅಂತ. ಇನ್ನೊಂದ್ಸಲ ಮಾಡ್ತಾಳೆ.”

ಮೇಡಂ ಆಗುವುದಿಲ್ಲ ಎಂದರು. ಕಾರಣ ಕೇಳಿದರೆ ಪೆಟ್ಟಿಗೆಯ ಮುಚ್ಚಳ ಹಾಕಿದರು. ಮುಖ್ಯಸ್ಥರು ಎರಡು ದಿನ ಸೌಜನ್ಯದಿಂದ ಕೇಳಿ, ಮೂರನೆಯ ದಿನ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, ಮುಂದಿನ ವಾರ ಪ್ರಯೋಗ ತಾವು ಹೇಳಿದ ರೀತಿಯಲ್ಲೇ ನಡೆಯಬೇಕು, ಇಲ್ಲವಾದರೆ ಪ್ರಯೋಗಾಲಯದ ಹೊಣೆ ಬೇರೆಯವರಿಗೆ ಹೋಗುತ್ತದೆ ಎಂದುಬಿಟ್ಟರು. ಮುದುಕಿಗೆ ಕೈಲಾಗುವುದಿಲ್ಲ, ಅದಕ್ಕೇ ಹಳೇ ಪೆಟ್ಟಿಗೆ, ಎಂದು ಯಾರೋ ಗೊಣಗಿದರು. ಮೇಡಂ ಮಾತ್ರೆ ನುಂಗಿ, ನೀರು ಕುಡಿದು, ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಹೋದರು.

ಅಂದು ಸಂಜೆ ನನ್ನನ್ನು ಮೇಲಕ್ಕೆ ಕರೆದರು. ಬೀಕರಿನಲ್ಲಿ ಚಹಾ ಕಾಸಿದ್ದರು. ಆ ಬೀಕರು ಚಹಾಕ್ಕಷ್ಟೇ ಮೀಸಲು ಎಂದು ಆಣೆ ಮಾಡಿ ಹೇಳಿದ ಮೇಲೆ ನಾನು ಲೋಟ ಕೈಗೆತ್ತಿಕೊಂಡೆ. ಪಕ್ಕದಲ್ಲಿ ಆ ಮೂಲೆ ಮುಕ್ಕಾದ ಸ್ಲೈಡ್ ಇತ್ತು.

“ಇದು ನಂದು ಮೇಷ್ಟ್ರೇ” ಎಂದರು.

ನಾನು ಮಾಲೀಕತ್ವದ ಮಾತೆಂದುಕೊಂಡು ತಲೆಯಾಡಿಸಿದೆ. ಅವರು ತಮ್ಮ ಕೆನ್ನೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಆಗ ಅರ್ಥವಾಯಿತು. ಭಾಷೆಯವನಾದರೂ ಆ ಪ್ರಯೋಗದ ಗುಟ್ಟು ಇಷ್ಟು ವರ್ಷಗಳಲ್ಲಿ ನನಗೂ ತಿಳಿದಿತ್ತು.

ಅವರು ಹೇಳಿದ್ದನ್ನು ಅವರ ಕ್ರಮದಲ್ಲೇ ಹೇಳುತ್ತೇನೆ. ಕಾಲೇಜಿನಲ್ಲಿ ಓದುವಾಗ ಇದೇ ಪ್ರಯೋಗ. ಗೆಳತಿಯರೆಲ್ಲರ ಸ್ಲೈಡಿನಲ್ಲೂ ಚುಕ್ಕೆ. ಇವರ ಸ್ಲೈಡಿನಲ್ಲಿ ಎಷ್ಟು ಹುಡುಕಿದರೂ ಇಲ್ಲ. ಮೇಷ್ಟರು ಮೊದಲು ಬಣ್ಣ ಹಿಡಿದಿಲ್ಲ ಎಂದರು. ಮತ್ತೆ ಮಾಡಿಸಿದರು, ಮತ್ತೂ ಇಲ್ಲ. ಆಮೇಲೆ ಅವರಿಗೆ ಸಂಶಯ ಬಂತು: ಈ ಹುಡುಗಿಗೆ ಕೈಲಾಗದೆ ಪಕ್ಕದ ಹುಡುಗನ ಸ್ಲೈಡ್ ಎತ್ತಿಕೊಂಡು ತಂದಿದ್ದಾಳೆ. ಇಡೀ ತರಗತಿಯ ಎದುರು, “ಕಳ್ಳತನ ಮಾಡೋಕೂ ಬುದ್ಧಿ ಬೇಕು, ಹೆಣ್ಣು ಹುಡುಗೀದಾದ್ರೂ ಕದಿಯೋದಲ್ವಾ?” ಎಂದು ನಗಿಸಿ, ಸ್ಲೈಡನ್ನು ತಟ್ಟೆಗೆ ಎಸೆದರು. ಮೂಲೆ ಮುಕ್ಕಾದದ್ದು ಆಗ.

“ಎಲ್ಲರೂ ನಕ್ಕರು. ಸಾಮಾನ್ಯವಾಗಿ ನಗ್ತಾರೆ” ಎಂದರು ಮೇಡಂ. “ನಾನು ಆ ಸ್ಲೈಡ್ ಎತ್ಕೊಂಡು ಮನೆಗೆ ಹೋದೆ. ನಾನು ಕದ್ದಿಲ್ಲ ಅಂತ ನಂಗೆ ಗೊತ್ತಿತ್ತಲ್ಲ. ಹಾಗಾದ್ರೆ ಏನು ಅಂತ ಲೈಬ್ರರೀಲಿ ಕೂತು ಓದ್ದೆ.”

ಓದಿದಂತೆಲ್ಲ ಹಳೆಯ ಸಂಗತಿಗಳು ಒಂದೊಂದಾಗಿ ಸಾಲಿಗೆ ಬಂದು ನಿಂತವು. ಚಿಕ್ಕಂದಿನಲ್ಲಿ ತೊಡೆಯ ಸಂದಿನಲ್ಲಿ ಕಾಣಿಸಿಕೊಂಡಿದ್ದ ಗಂಟು, ಎಷ್ಟು ವಯಸ್ಸಾದರೂ ಬಾರದ ಮುಟ್ಟು, ಹದಿನಾರರಲ್ಲಿ ನಡೆದ ಶಸ್ತ್ರಚಿಕಿತ್ಸೆ, ‘ಗರ್ಭಕೋಶದ ಹತ್ತಿರ ಕೆಟ್ಟ ಗಡ್ಡೆ ಇತ್ತು, ತೆಗೆದಿದ್ದಾರೆ’ ಎಂಬ ವಿವರಣೆ, ಅಂದಿನಿಂದ ಶುರುವಾದ ಮಾತ್ರೆ. ಮನೆಗೆ ಹೋಗಿ ತಾಯಿಯನ್ನು ಕೇಳಿದರು. ತಾಯಿ ಒಣಗಿದ ಬಟ್ಟೆ ಮಡಿಸುತ್ತ ಕೂತಿದ್ದರಂತೆ; ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿ, ಮತ್ತೆ ಬಿಚ್ಚಿ, ಕೊನೆಗೆ ಬಾಯಿ ಬಿಟ್ಟರು: “ಡಾಕ್ಟ್ರೇ ಹೇಳ್ಬೇಡಿ ಅಂದ್ರು ಕಣೇ. ಗೊತ್ತಾದ್ರೆ ಹುಡುಗಿ ಕೆರೆನೋ ಬಾವಿನೋ ನೋಡ್ಕೊಳ್ತಾಳೆ ಅಂದ್ರು. ನಾನೇನ್ ಮಾಡ್ಲಿ?”

“ನಾನು ಕೆರೆ ಬಾವಿ ನೋಡ್ಕೊಳ್ಳಲಿಲ್ಲ, ಎಂಎಸ್ಸಿಗೆ ಅರ್ಜಿ ಹಾಕ್ದೆ” ಎಂದರು ಮೇಡಂ.

ತಾಯಿಯ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. “ಸಾಮಾನ್ಯವಾಗಿ ಇಲ್ಲ” ಎಂದು, ಚಹಾದ ಲೋಟ ಕೆಳಗಿಟ್ಟು, “ಒಂದೊಂದಿನ ತುಂಬಾ ಬರುತ್ತೆ. ನನ್ನ ಮೈಯಿಂದ ತೆಗೆದಿದ್ದನ್ನ ನಂಗೊಂದು ಮಾತು ಕೇಳಿ ತೆಗೀಬಹುದಿತ್ತು” ಎಂದರು.

ನನಗೆ ಗೊತ್ತಾಗದ್ದನ್ನು ಪಾಠ ಹೇಳುವ ದನಿಯಲ್ಲೇ ಬಿಡಿಸಿ ಹೇಳಿದರು. ಗರ್ಭದಲ್ಲಿ ಮೊದಲ ಕೆಲವು ವಾರ ಭ್ರೂಣಗಳೆಲ್ಲ ನೋಡಲು ಒಂದೇ. ಗಂಡಾಗಿ ಬೆಳೆಯಲು ಬೇಕಾದ ಮೊಳಕೆಯೂ ಹೆಣ್ಣಾಗಿ ಬೆಳೆಯಲು ಬೇಕಾದ ಮೊಳಕೆಯೂ ಅದರಲ್ಲಿರುತ್ತವೆ. ಆಮೇಲೆ ವರ್ಣತಂತುಗಳ ಆಜ್ಞೆಯಂತೆ ಗ್ರಂಥಿಗಳು, ಗ್ರಂಥಿಗಳಿಂದ ಹಾರ್ಮೋನುಗಳು, ಹಾರ್ಮೋನು ಹೇಳಿದಂತೆ ದೇಹ. “ನಂಗಿರೋದು ಎಕ್ಸ್-ವೈ. ಒಳಗೆ ವೃಷಣ ಇತ್ತು, ಹಾರ್ಮೋನೂ ಬಂತು. ನನ್ನ ಜೀವಕೋಶಗಳಿಗೆ ಅದರ ಮಾತು ಕೇಳಿಸ್ಲಿಲ್ಲ, ಅಷ್ಟೇ. ಹಾಗಾಗಿ ಮೈ ಹೆಣ್ಣಾಗಿ ಬೆಳೀತು, ಗರ್ಭಕೋಶ ಬೆಳೀಲಿಲ್ಲ. ಗಡ್ಡೆ ಅಂತ ತೆಗೆದಿದ್ದು ಆ ವೃಷಣಾನೇ, ಅದರ ಹಾರ್ಮೋನಿನ ಬದಲಿಗೆ ಈ ಮಾತ್ರೆ. ಹುಟ್ಟಿದಾಗ ಹೆಣ್ಣು ಅಂದ್ರು, ನಾನೂ ಹೆಂಗಸು ಅಂತಾನೇ ಅಂದ್ಕೊಂಡಿದೀನಿ, ಇವತ್ತಿಗೂ ಹಾಗೇನೇ. ಇನ್ನೂ ಬೇರೆ ಥರದೋರಿದಾರೆ. ಕೆಲವರಿಗೆ ಒಂದೇ ಎಕ್ಸ್ ಇರುತ್ತೆ. ಎರಡು ಎಕ್ಸ್ ಒಂದು ವೈ ಇರೋ ಗಂಡಸರಿದಾರೆ, ಅವರ ಸ್ಲೈಡಲ್ಲಿ ಚುಕ್ಕೆ ಕಾಣುತ್ತೆ. ಕೆಲವು ಕೂಸುಗಳನ್ನ ನೋಡಿ ಗಂಡೋ ಹೆಣ್ಣೋ ಅಂತ ಸೂಲಗಿತ್ತಿ ತಕ್ಷಣ ಹೇಳೋಕಾಗಲ್ಲ. ಅಂತರಲಿಂಗಿಗಳು ಅಂತ ಒಂದು ಹೆಸರಿದೆ; ಕೆಲವರಿಗೆ ಆ ಹೆಸರು ಬೇಕು, ಕೆಲವರಿಗೆ ಬೇಡ. ನಾವೇನು ಬಹಳ ಜನ ಅಲ್ಲ. ಆದ್ರೆ ಇದೀವಿ.”

“ಹಾಗಾದ್ರೆ ಮುಖ್ಯಸ್ಥರಿಗೆ ಹೇಳಿಬಿಡಿ” ಎಂದೆ.

“ಹೇಳಿದ್ರೆ ಸ್ಟಾಫ್‌ರೂಮಿಗೆ ಒಂದು ವರ್ಷದ ಮೇವು. ಹೇಳ್ದೇ ಇದ್ರೆ ಮುಂದಿನ ವಾರ ಈ ಮೇಜಿನ ಮುಂದೆ ಯಾವುದೋ ಮಗು ನಿಂತ್ಕೊಂಡು ತನ್ನ ಮೈಯ ವಿಷಯ ಬೋರ್ಡ್ ಮೇಲೆ ಓದಬೇಕಾಗುತ್ತೆ. ಅಂಥ ಮಗು ಇರಲಿಕ್ಕಿಲ್ಲ. ಸಾಮಾನ್ಯವಾಗಿ ಇರಲ್ಲ.” ಆ ಪದವನ್ನು ಅವರು ಅಷ್ಟು ಭಯದಿಂದ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಮುಖ್ಯಸ್ಥರನ್ನು ಪ್ರಯೋಗಾಲಯಕ್ಕೆ ಕರೆದರು. ನಾನೂ ಇರಬೇಕೆಂದು ಹೇಳಿದ್ದರಿಂದ, ಅಲ್ಲಿ ನನಗೇನೂ ಕೆಲಸವಿಲ್ಲದಿದ್ದರೂ ಕಿಟಕಿಯ ಬಳಿ ಬೆಪ್ಪನಂತೆ ನಿಂತಿದ್ದೆ. ಮೇಡಂ ಮುಕ್ಕಾದ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರು. ಮುಖ್ಯಸ್ಥರು ಕಣ್ಣಿಟ್ಟು ನೋಡಿ, “ಗಂಡಸಿನದು. ಹಳೇದಾಗಿ ಬಣ್ಣ ಮಾಸಿದೆ” ಎಂದರು.

“ಹೊಸದು ಮಾಡೋಣ. ನೀವೇ ಮಾಡಿ, ನಿಮ್ಮ ಕೈ ಚೆನ್ನಾಗಿದೆ” ಎಂದು ಮೇಡಂ ಕಡ್ಡಿಯೊಂದನ್ನು ಕೊಟ್ಟು, ಕುರ್ಚಿಯಲ್ಲಿ ಕೂತು, ದಂತವೈದ್ಯರ ಮುಂದೆ ಕೂತವರಂತೆ ಬಾಯಿ ತೆರೆದರು.

ಮುಖ್ಯಸ್ಥರು ತಬ್ಬಿಬ್ಬಾದರು. ಆದರೂ ಕೈಚಳಕವಿದ್ದವರು, ಕೆಲಸ ಸಿಕ್ಕ ಕೂಡಲೇ ಸಂಕೋಚ ಮರೆತರು. ಕೆನ್ನೆ ಕೆರೆದು, ಸವರಿ, ಒಣಗಿಸಿ, ತಾವೇ ತಂದ ಹೊಸ ಬಾಟಲಿಯ ಬಣ್ಣವನ್ನು ಹಾಕಿ, ಕಾದು, ತೊಳೆದು, ತೆಳುಗಾಜು ಮುಚ್ಚಿ, ತುಂಬ ಅಚ್ಚುಕಟ್ಟಾಗಿ ಸ್ಲೈಡ್ ಸಿದ್ಧಪಡಿಸಿದರು. ನೋಡಿದರು. ಸ್ಲೈಡನ್ನು ಆಚೆ ಈಚೆ ಸರಿಸಿ, ಒಂದೊಂದೇ ಕೋಶವನ್ನು ಬಹಳ ಹೊತ್ತು ನೋಡಿದರು. ಕೆಳಗೆ ಅಂಗಳದಲ್ಲಿ ಹುಡುಗರು ಚೆಂಡಾಡುವ ಸದ್ದು ಕೇಳುತ್ತಿತ್ತು.

“ಬಣ್ಣ ಸರಿಯಾಗಿ ಹಿಡಿದಿಲ್ಲ ಮೇಡಂ” ಎಂದರು ಕೊನೆಗೆ.

ಮೇಡಂ ನಕ್ಕರು. ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. “ಬಣ್ಣ ನಿಮ್ದೇ, ಕೈನೂ ನಿಮ್ದೇ. ಕೆನ್ನೆ ಮಾತ್ರ ನಂದು” ಎಂದರು.

ಮುಖ್ಯಸ್ಥರು ಮತ್ತೆ ಕಣ್ಣಿಟ್ಟರು; ನೋಡುವುದಕ್ಕಲ್ಲ, ಮುಖ ಎತ್ತಲಾರದೆ ಎಂದು ನನಗೆ ತೋರಿತು. ಓದಿಕೊಂಡವರು, ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಗೈ ಉಜ್ಜಿಕೊಳ್ಳಲು ಹೋಗಿ ಅರ್ಧಕ್ಕೇ ನಿಲ್ಲಿಸಿ, “ಕ್ಷಮಿಸಿ ಮೇಡಂ, ನಂಗೆ ಹೊಳೀಲೇ ಇಲ್ಲ” ಎಂದರು.

“ಹೊಳೆಯಲ್ಲ. ಆಗ ನಂಗೆ ಕಲಿಸಿದ ಮೇಷ್ಟ್ರಿಗೂ ಹೊಳೀಲಿಲ್ಲ. ನೀವು ನನ್ನ ಕ್ಷಮೆ ಕೇಳೋದು ಬೇಡ, ಪೆಟ್ಟಿಗೆ ಇರ್ಲಿ ಅಷ್ಟು ಸಾಕು.”

ಪೆಟ್ಟಿಗೆ ಉಳಿಯಿತು. ಮುಖ್ಯಸ್ಥರು ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ, ನಾನೂ ಬಿಚ್ಚಲಿಲ್ಲ. ಮೇವಿಲ್ಲದ ಸ್ಟಾಫ್‌ರೂಮು ಥೈರಾಯ್ಡಿನ ಪಕ್ಷವೇ ಗೆದ್ದಿತೆಂದು ತೀರ್ಮಾನಿಸಿಕೊಂಡಿತು. ಆದರೆ ಗುಟ್ಟನ್ನು ಕಾಪಾಡಿದೆವೆಂಬ ನಮ್ಮ ಹೆಮ್ಮೆಗೆ ಮೇಡಂ ತಾವೇ ತಣ್ಣೀರೆರಚಿದರು. ಪ್ರಯೋಗದ ದಿನ ಸ್ಲೈಡುಗಳನ್ನು ಹಂಚಿ, ಮುಕ್ಕಾದದ್ದನ್ನು ಕೈಯಲ್ಲಿ ಎತ್ತಿ ಹಿಡಿದು, “ಇದು ನಂದು. ಇದರಲ್ಲಿ ಚುಕ್ಕೆ ಇಲ್ಲ. ಯಾಕೆ ಅಂತ ಈಗ ಹೇಳ್ತೀನಿ, ಬರ್ಕೊಳ್ಳೋದೇನೂ ಬೇಡ” ಎಂದರಂತೆ. ಹಿಂದಿನ ಸಾಲಿನಲ್ಲಿ ನಿಂತಿದ್ದ ಮುಖ್ಯಸ್ಥರೇ ನನಗೆ ಹೇಳಿದ್ದು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಒಬ್ಬ ತುಂಟ ಎದ್ದುನಿಂತು, “ಹಾಗಾದ್ರೆ ನೀವು ಯಾರು ಮೇಡಂ?” ಎಂದನಂತೆ. “ನಿಮ್ಮ ಮೇಡಂ. ಇನ್ನೇನು ಬೆಲ್ ಹೊಡೆಯುತ್ತೆ, ಸ್ಲೈಡ್ ನೋಡು” ಎಂದರು ಇವರು. ಊರಲ್ಲಿ ಒಂದಷ್ಟು ದಿನ ಪಿಸುಮಾತು ಹಾರಾಡಿತು. ಗಣಿತದವರು ಒಂದು ವಾರ ಅವರ ಪಕ್ಕ ಕೂರಲಿಲ್ಲ. ಆಮೇಲೆ ಆ ಕುರ್ಚಿಗೆ ಮಾತ್ರ ಫ್ಯಾನಿನ ಗಾಳಿ ಬರುತ್ತಿದ್ದುದರಿಂದ ಮರಳಿ ಬಂದರು. ಮುಂದಿನ ವರ್ಷ ಮೇಡಂ ನಿವೃತ್ತರಾದಾಗ ನಾನು ಮಾಡಿದ ಭಾಷಣದಲ್ಲಿ ‘ಪ್ರತಿಯೊಬ್ಬರೂ ಇವರನ್ನು ಪ್ರೀತಿಸುತ್ತಿದ್ದರು’ ಎಂಬ ವಾಕ್ಯವಿತ್ತು. ಎದುರು ಸಾಲಿನಲ್ಲಿ ಕೂತಿದ್ದ ಅವರ ಹುಬ್ಬು ಮೇಲೇರಿದ್ದು ಕಂಡು, ನಾನು ಅಲ್ಲೇ ನಿಂತು ತಿದ್ದಿ ಓದಿದೆ. ಲಯ ಕೆಟ್ಟಿತು, ಸಭೆ ಚಪ್ಪಾಳೆ ತಟ್ಟಿತು.

‘ಎಲ್ಲರೂ’ ಎಂದು ಎದೆ ತಟ್ಟಿ ಹೇಳುವವರಿಗೆ, ಆ ಎಲ್ಲರೊಳಗೆ ತಾವಿದ್ದೇವೆಂಬ ನಿಶ್ಚಿಂತೆ ಇರುತ್ತದೆ. ಒಮ್ಮೆ ಆ ಪದದ ಹೊರಗೆ ನಿಂತು ಬಿಸಿಲಲ್ಲಿ ಬೆಂದವರು ಬೇರೆ ಬಗೆಯವರಾಗುತ್ತಾರೆ. ನಮಗೆ ಅವರು ಹಠಮಾರಿಗಳಾಗಿ, ತಲೆತಿನ್ನುವವರಾಗಿ, ಅರ್ಧ ಅಂಕದ ಜಿಪುಣರಾಗಿ ಕಾಣುತ್ತಾರೆ. ಅವರು ಮಾತ್ರ ಪ್ರತಿ ವಾಕ್ಯದಲ್ಲೂ ಒಂದು ಜಾಗವನ್ನು, ಬಸ್ಸಿನ ಸೀಟಿಗೆ ಕರವಸ್ತ್ರ ಹಾಸಿದ ಹಾಗೆ, ಇನ್ನೂ ಹತ್ತದ ಯಾರಿಗೋ ಹಿಡಿದಿಟ್ಟುಕೊಂಡು ಕೂತಿರುತ್ತಾರೆ. ಅಷ್ಟು ವರ್ಷ ಆ ಪ್ರಯೋಗಾಲಯದಲ್ಲಿ ಸಾಲುಸಾಲಾಗಿ ನಿಂತು ಹೋದ ಮಕ್ಕಳಲ್ಲಿ, ಚುಕ್ಕೆ ಇರಬೇಕಾದಲ್ಲಿ ಇಲ್ಲದ, ಇರಬಾರದ ಕಡೆ ಇದ್ದ ಮಗು ಯಾವುದಾದರೂ ಇತ್ತೇ ಎಂದು ನಾನು ಒಮ್ಮೆ ಮೇಡಂ ಅವರನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ, ಆ ಮಕ್ಕಳ ಪಕ್ಕದಲ್ಲಿ ನಿಂತಿದ್ದವರಿಗೂ ಗೊತ್ತಿಲ್ಲ. ಹಾಗೆ ಗೊತ್ತಾಗದಂತೆ ನೋಡಿಕೊಂಡದ್ದೇ ಅವರ ಬದುಕಿನ ಕೆಲಸ.